ಅಕ್ಕನ ಗುಳಿಗಿ, ಎದುರುಮನಿ ತಂಬಿಗಿ

ನಾನು ಚೀಟಿ ಬರೆಯುವುದು ಒಬ್ಬರಿಗೆ, ಗುಣ ಕಾಣುವುದು ಇನ್ನೊಬ್ಬರಲ್ಲಿ. ಈ ಸೀಮೆಯಲ್ಲಿ ಎದೆ ಡಾಕ್ಟರನಾಗಿ ತಲೆ ಬೆಳ್ಳಗಾಗುವವರೆಗೂ ಇದೇ ನಡೆದು ಬಂದಿದೆ. ನಾಳೆ ಬೆಳಿಗ್ಗೆ ದವಾಖಾನೆಯ ಬಾಗಿಲು ತೆಗೆದರೂ ಇದೇ ನಡೆಯುತ್ತದೆ.

ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ಹೇಳುತ್ತೇನೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕೂ ಕಡೆ ನನ್ನ ಸ್ಟೆತಸ್ಕೋಪು ಮುಟ್ಟದ ಎದೆ ಯಾವುದಾದರೂ ಉಳಿದಿದ್ದರೆ, ಅದು ಆ ದಿನ ಊರಲ್ಲಿ ಇಲ್ಲದವರದು. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಕೆಮ್ಮಿದರೆ ನಾನು ಅವನ ಅಪ್ಪನ ಬಿಪಿ ಹೇಳುತ್ತೇನೆ. ಹುಲಿಹೈದರದಲ್ಲಿ ಒಂದು ಎತ್ತು ನನ್ನನ್ನು ಕಂಡು ಗಾಬರಿಯಾಗಿ ಮೇವು ಕಡಿಮೆ ಮಾಡಿತೆಂದು ಜನ ಹೇಳುತ್ತಾರೆ. ಹೇಳಿದ ಜನ ನಾನೇ, ಅದು ಬೇರೆ ಮಾತು.

ಎದೆ ಹಿಡಿದುಕೊಂಡು ಬಂದವರನ್ನು ನೋಡುವುದು ಒಂದು ಕೆಲಸ. ಜನ ಎದೆ ಹಿಡಿದುಕೊಳ್ಳುವ ಗಳಿಗೆಯೇ ಬಾರದಂತೆ ನೋಡಿಕೊಳ್ಳುವುದು ಇನ್ನೊಂದು ಕೆಲಸ. ನಾನು ಎರಡನೆಯದರ ಬೆನ್ನು ಹತ್ತಿದವನು. ಅದಕ್ಕೆ ಕಾರಣ ಒಂದೇ. ನಮ್ಮ ಅಕ್ಕನ ಗಂಡ, ನಾನು ಮಾಮಾ ಅನ್ನುತ್ತಿದ್ದೆ, ಕುಷ್ಟಗಿಯ ಮನೆಯಲ್ಲಿ ಒಂದು ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯಲು ಎದ್ದವರು ಅಲ್ಲೇ ಕುಸಿದರು. ನಲವತ್ತು ದಾಟಿರಲಿಲ್ಲ. ನಾನಾಗ ಮೆಡಿಕಲ್ ಮೊದಲನೇ ವರ್ಷ. ಹೃದಯದ ಚಿತ್ರ ಬಿಡಿಸಲು ಬರುತ್ತಿತ್ತು, ಎದೆ ಒತ್ತಲು ಬರುತ್ತಿರಲಿಲ್ಲ. ಪಕ್ಕದಲ್ಲೇ ಕೂತಿದ್ದೆ.

ತಾಯಿಯಿಲ್ಲದ ನನ್ನನ್ನು ಸಾಕಿದ ಅಕ್ಕ ಅವತ್ತಿನಿಂದ ಒಬ್ಬಳೇ. ಈಗ ಆಕೆಗೆ ವಯಸ್ಸಾಗಿದೆ, ಎಷ್ಟೋ ವರ್ಷ ಬಿಪಿ ಅಟ್ಟ ಹತ್ತಿ ಕೂತಿತ್ತು, ಎಕೋ ಪರೀಕ್ಷೆಯಲ್ಲಿ ಹೃದಯದ ಗೋಡೆ ದಪ್ಪಗೆ ಕಾಣುತ್ತಿತ್ತು. ಇಳಿಸದಿದ್ದರೆ ಒಂದು ದಿನ ಲಕ್ವಾ ಹೊಡೆಯುತ್ತಿತ್ತು, ಇಲ್ಲವೇ ಮಾಮಾ ಹೋದ ದಾರಿ. ನಾಲ್ಕು ತಾಲೂಕು ಗೆದ್ದ ಶೂರ ಒಬ್ಬ ಅಕ್ಕನ ಮುಂದೆ ಸೋತು ಸುಣ್ಣವಾದದ್ದನ್ನು ಹೇಳುವ ಮೊದಲು, ಗೆದ್ದದ್ದನ್ನು ಸ್ವಲ್ಪ ಹೇಳಿಬಿಡುತ್ತೇನೆ.

ಸಾಹುಕಾರರ ನಡಿಗೆ

ಗಂಗಾವತಿಯ ಒಬ್ಬ ಅಕ್ಕಿ ಗಿರಣಿ ಸಾಹುಕಾರರಿಗೆ, "ದಿನಾ ಮುಕ್ಕಾಲು ತಾಸು ನಡೀಬೇಕ್ರಿ. ಒಂದು ದಿನಾನೂ ತಪ್ಪಿಸಬ್ಯಾಡ್ರಿ," ಅಂದಿದ್ದೆ. ಮೂರು ತಿಂಗಳ ಮೇಲೆ ಬಂದರು. ಮೊದಲು ಹೊಟ್ಟೆ ಬಂತು, ಆಮೇಲೆ ಅವರು ಬಂದರು.

"ನಡೀಲಿಲ್ಲೇನ್ರಿ?"

"ದೇವರಾಣಿ ಒಂದು ದಿನಾ ತಪ್ಪಿಲ್ರಿ ಡಾಕ್ಟ್ರ. ಮಳಿ ಬಂದ್ರ ಛತ್ರಿ ಹಿಡಕೊಂಡು ನಡಿಗಿ ಆಗ್ಯಾದ."

"ಮತ್ತ ತೂಕ ಯಾಕ ಏರೇತಿ?"

ಸಾಹುಕಾರರು ಬಾಗಿಲ ಕಡೆ ನೋಡಿದರು. ಅಲ್ಲಿ ಅವರ ಗುಮಾಸ್ತ ನಿಂತಿದ್ದ, ಬಳ್ಳಿಯ ಹಾಗೆ. "ಅದನ್ನ ಈತನ್ನ ಕೇಳ್ರಿ. ನಡೆದವ ಈತ."

ನಾನು ಪೆನ್ನು ಕೆಳಗಿಟ್ಟೆ. ಸಾಹುಕಾರರೇ ಸಮಾಧಾನ ಮಾಡಿದರು. "ನಮ್ಮವ್ವ ಪಾದಯಾತ್ರಿ ಹರಕಿ ಹೊತ್ತಿದ್ಲ್ರಿ. ಮೊಣಕಾಲು ನೋವು. ಆಕಿ ಹೆಸರಿನ್ಯಾಗ ಇನ್ನೊಬ್ಬನ್ನ ನಡಸಿದ್ವಿ. ದೇವರು ಒಪ್ಪಿಕೊಂಡಾನ. ನೀವು ಒಪ್ಪಂಗಿಲ್ಲ ಅಂದ್ರ ಹೆಂಗ?"

ಗುಮಾಸ್ತನ ಬಿಪಿ ನೋಡಿದೆ. ಪುಸ್ತಕದಲ್ಲಿ ಅಚ್ಚು ಹಾಕಿಸುವಂತಿತ್ತು. ಎದೆ ಬಡಿತ ಗಡಿಯಾರ. ನನ್ನ ವೃತ್ತಿಯಲ್ಲೇ ಇಷ್ಟು ಛಲೋ ಫಲ ಕೊಟ್ಟ ಚೀಟಿ ಇನ್ನೊಂದಿಲ್ಲ. ಬರೆದದ್ದು ಮಾತ್ರ ಅವನಿಗಲ್ಲ. ಹೊರಡುವಾಗ ಆತ ಹಿಂದೆ ಉಳಿದು, ನನ್ನ ಕಿವಿಯ ಹತ್ತಿರ ಬಂದು ಕೈ ಮುಗಿದ.

"ಸಾಹೇಬ್ರ, ನಡಿಗಿ ಸಾಕ್ರಿ. ಸಾಹುಕಾರ್ರು ಊಟ ಬಿಡಬೇಕಂತ ಮಾತ್ರ ದಯವಿಟ್ಟು ಬರೀಬ್ಯಾಡ್ರಿ."

ನವಲಿಯ ಕ್ಯಾನು

ಜನ ಎಷ್ಟು ಉಪ್ಪು ತಿನ್ನುತ್ತಾರೆಂದು ಬಾಯಿಂದ ಕೇಳಿದರೆ ಎಲ್ಲರೂ "ಚೂರು" ಅನ್ನುತ್ತಾರೆ. ನಿಜ ತಿಳಿಯಬೇಕಾದರೆ ಒಂದು ಹಗಲು ಒಂದು ರಾತ್ರಿಯ ಮೂತ್ರ ಪೂರ್ತಿ ಹಿಡಿದಿಟ್ಟು ಲ್ಯಾಬಿಗೆ ಕಳಿಸಬೇಕು. ಇಂಥ ಸಂಶೋಧನೆ ಈ ಸೀಮೆಯಲ್ಲಿ ಮಾಡುವ ಎದೆಗಾರಿಕೆ ನನಗಲ್ಲದೆ ಯಾರಿಗಿದೆ? ನಮ್ಮ ದವಾಖಾನೆಯ ಸಿಸ್ಟರ್ ನವಲಿ ಹಳ್ಳಿಯಲ್ಲಿ ಮನೆ ಮನೆಗೆ ಹೋಗಿ, ಮನೆಗೊಬ್ಬರ ಹೆಸರು ಬರೆದು, ಹೊಸ ಬಿಳಿ ಕ್ಯಾನು ಕೊಟ್ಟು, ಎಲ್ಲ ತಿಳಿಸಿ ಹೇಳಿ ಬಂದರು. ಎಲ್ಲರೂ ತಲೆ ಆಡಿಸಿದರಂತೆ. ನಮ್ಮ ಕಡೆ ತಲೆ ಆಡಿಸಿದರೆ ಹೆದರಿಕೊಳ್ಳಬೇಕು.

ಒಬ್ಬ ಮುದುಕಿಯ ಲೆಕ್ಕ ಬಂತು ನೋಡಿ. ಒಂದು ಜೋಡಿ ಎಮ್ಮೆ ನೆಕ್ಕುವಷ್ಟು ಉಪ್ಪು! ಹೊಸ ರೋಗವನ್ನೇ ಕಂಡುಹಿಡಿದೆ, ಅದಕ್ಕೆ ನನ್ನ ಹೆಸರಿಡುವುದೋ ಮುದುಕಿಯ ಹೆಸರಿಡುವುದೋ ಎಂದು ಯೋಚಿಸುತ್ತಲೇ ಜೀಪು ಹತ್ತಿದೆ. ಮನೆಯ ಸೊಸೆ ಹೊರಗೆ ಬಂದಳು.

"ಅದು ಹೆಂಗ ತುಂಬಿತವ್ವಾ ಅಷ್ಟು ದೊಡ್ಡ ಕ್ಯಾನು?"

"ಅತ್ತಿ ಒಬ್ಬಾಕಿ ಕೈಲೆ ಆಗಲಿಲ್ರಿ. ಅರ್ಧಾ ಕೊಟ್ರ ಸರಕಾರದವರು ಏನಂತಾರೋ ಅಂತ ಮನಿಮಂದೆಲ್ಲಾ ಕೂಡಿ ತುಂಬಿಸಿದ್ವಿ. ಬೀಗರು ಬಂದಿದ್ರು, ಅವರೂ ಇಲ್ಲ ಅನ್ನಲಿಲ್ರಿ."

ಇನ್ನೊಂದು ಮನೆಯದು ಬೇರೆಯೇ ಕಥೆ. ಎರಡು ದಿನ ಬಿಟ್ಟು ಲ್ಯಾಬಿನವರ ಫೋನು. ದನಿಯಲ್ಲಿ ಗಾಬರಿ.

"ಡಾಕ್ಟರೇ, ಒಂದು ಕ್ಯಾನಿನಲ್ಲಿ ಕರಿಬೇವು ಇದೆ. ರೋಗಿಗೆ ಏನಾಗಿದೆ?"

ರೋಗಿಗೆ ಏನೂ ಆಗಿರಲಿಲ್ಲ. ಸಿಸ್ಟರ್ ಕ್ಯಾನು ವಾಪಸ್ ತರಲು ಬರುತ್ತಾರೆಂದು ಗೊತ್ತಿತ್ತಲ್ಲ, ಆ ಮನೆಯಾಕೆ ಒಳಗಿದ್ದದ್ದನ್ನು ಚೆಲ್ಲಿ, ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ಮುಚ್ಚಳದ ಮಟ ಒಗ್ಗರಣೆ ಮಜ್ಜಿಗೆ ತುಂಬಿ ಕೊಟ್ಟಿದ್ದಳು. ಕೇಳಿದ್ದಕ್ಕೆ ನನ್ನನ್ನೇ ಬೈದಳು. "ಮಂದಿ ಪಾತ್ರಿ ಖಾಲಿ ವಾಪಸ್ ಕೊಡತಾರೇನ್ರಿ? ನಮ್ಮನ್ನ ಏನಂತ ತಿಳಕೊಂಡೀರಿ?"

ಲ್ಯಾಬಿನವರಿಗೆ ಇದನ್ನು ತಿಳಿಸಿದೆ. ಆ ಕಡೆಯಿಂದ ಒಂದು ಸಣ್ಣ ದನಿ: "ಮೊದಲೇ ಹೇಳಬಾರದಿತ್ತಾ ಸರ್? ಹಾಗಿದ್ದರೆ ಕುಡಿಯಬಹುದಿತ್ತು."

ಯಲಬುರ್ಗಾದ ಭಾಷಣ

ಯಲಬುರ್ಗಾದಲ್ಲಿ ಹೆಣ್ಣುಮಕ್ಕಳ ಸಂಘದವರು ಕರೆದಿದ್ದರು. ಉಪ್ಪಿನ ಮೇಲೆ ನಾನು ಅವತ್ತು ಮಾತಾಡಿದ ಹಾಗೆ ಯಾರೂ ಮಾತಾಡಿಲ್ಲ, ಸಮುದ್ರವೇ ನಾಚಿಕೊಳ್ಳಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಒಂದೊಂದನ್ನೂ ಹೆಸರು ಹಿಡಿದು ಝಾಡಿಸಿದೆ. ಮಾಮಾ ಕುಸಿದದ್ದನ್ನೂ ಹೇಳಿದೆ. ಮುಂದಿನ ಸಾಲಿನವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಇವತ್ತಿನಿಂದ ಉಪ್ಪಿನಕಾಯಿ ಬಿಟ್ವಿ," ಎಂದು ಎಲ್ಲರೂ ಕೈ ಎತ್ತಿದರು. ನನಗೂ ಕಣ್ಣು ತುಂಬಿತು.

ಚಹಾ ಕುಡಿದು ಹೊರಗೆ ಬಂದರೆ ಜೀಪಿನ ಹಿಂದೆ ಕೂರಲು ಜಾಗವಿಲ್ಲ. ಸಾಲು ಸಾಲು ಭರಣಿ. ಮಾವಿನಕಾಯಿ, ನಿಂಬೆಕಾಯಿ, ಕೆಂಪು ಖಾರ.

"ಇದೇನ್ರವ್ವಾ?"

"ಬಿಟ್ಟದ್ದನ್ನ ಮನ್ಯಾಗ ಇಟ್ಕೋಬಾರದ್ರಿ. ಚೆಲ್ಲಲಿಕ್ಕೂ ಬರಂಗಿಲ್ಲ, ಅನ್ನದ ಮುಂದಿನ ಪದಾರ್ಥ. ಬಿಡಿಸಿದವರಿಗೇ ದಾನ ಕೊಡಬೇಕಂತ ನಿರ್ಣಯ ಆತು."

ಬೇಡವೆಂದರೆ ಮನಸ್ಸು ನೋಯುತ್ತದೆ. ಹೊತ್ತುಕೊಂಡು ಹೊರಟೆ. ದಾರಿಯಲ್ಲಿ ಕುಷ್ಟಗಿ. ಅಕ್ಕನನ್ನು ಮಾತಾಡಿಸಿ ಹೋಗೋಣವೆಂದು ನಿಲ್ಲಿಸಿದ್ದೇ ತಪ್ಪಾಯಿತು. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಜೀಪು ಖಾಲಿ, ಅಕ್ಕನ ಅಡುಗೆಮನೆಯ ಗೋಡೆಮಾಡು ಭರ್ತಿ.

"ಯಕ್ಕಾ, ಅದು ನೀ ತಿನ್ನೂದಲ್ಲ!"

ಅಕ್ಕ ಒಂದು ಭರಣಿಯ ಬಾಯಿ ಬಿಚ್ಚಿ ವಾಸನೆ ನೋಡುತ್ತಿದ್ದಳು. "ತಮ್ಮಾ, ನಿನ್ನ ಭಾಷಣ ಭಾಳ ಛಲೋ ಆಗಿರಬೇಕು. ಮುಂದಿನ ಸಲ ಹುಣಸಿ ತೊಕ್ಕಿನ ಮ್ಯಾಲೂ ಒಂದೆರಡು ಮಾತು ಹೇಳು."

ಅಕ್ಕ ಒಪ್ಪಿದ್ದು

ಅವತ್ತು ಅಲ್ಲೇ ಕೂತು ಅಕ್ಕನ ಬಿಪಿ ನೋಡಿದೆ. ಪಾದರಸ ಏರಿದ್ದು ನೋಡಿ ಎರಡನೇ ಸಲ ಪಟ್ಟಿ ಕಟ್ಟಿದೆ, ಆಗಲೂ ಅಷ್ಟೇ. ಗುಳಿಗೆ ತಗೋ ಎಂದು ಎಷ್ಟೋ ವರ್ಷದಿಂದ ಕೇಳುತ್ತಿದ್ದೆ, ಆಕೆ ಒಲ್ಲೆ ಅನ್ನುತ್ತಿದ್ದಳು. ಅವತ್ತು ವಾದ ಮಾಡಲಿಲ್ಲ. "ಯಕ್ಕಾ, ಮಾಮಾನ ಮುಂದ ನಾ ಸುಮ್ಮನ ಕೂತಿದ್ದೆ. ಇನ್ನೊಮ್ಮೆ ಹಂಗ ಕೂಡಲಿಕ್ಕೆ ನನ್ನ ಕೈಲೆ ಆಗಂಗಿಲ್ಲ," ಅಂದೆ.

ಅಕ್ಕ ಬಾಗಿಲಾಚೆ ನೋಡಿದಳು. ಆಚೆ ಎದುರುಮನೆಯಾಕೆ ಎಮ್ಮೆ ಹಿಂಡುತ್ತಿದ್ದಳು. ಗಂಡನಿಲ್ಲದಾಕೆ, ಶಾಲೆಗೆ ಹೋಗುವ ಎರಡು ಹೆಣ್ಣುಮಕ್ಕಳು, ಹಾಲು ಮಜ್ಜಿಗೆ ಮಾರಿ ಮನೆ ನಡೆಸುತ್ತಾಳೆ.

"ಆತು, ಕೊಡು. ತಿಂಗಳಾ ತಿಂಗಳಾ ತಪ್ಪದಂಗ ಕಳಸು," ಅಂದಳು ಅಕ್ಕ. ಗೆದ್ದೆ ಅಂದುಕೊಂಡೆ.

ಆ ಓಣಿಯನ್ನು ನನ್ನ ಸಂಶೋಧನೆಗೂ ಸೇರಿಸಿದೆ. ಬಿಪಿ ಹೆಚ್ಚಿದ್ದವರಿಗೆ ಗುಳಿಗೆ. ಗೆರೆಯ ಮೇಲೆ ಚೂರೇ ಇದ್ದವರಿಗೆ ಮೊದಲು ಉಪ್ಪು ಕಡಿಮೆ, ನಡಿಗೆ, ಉಪದೇಶ. ಎದುರುಮನೆಯಾಕೆಗೆ ಬರೇ ಉಪದೇಶ ಬಂತು. ಸಿಸ್ಟರ್ ತಿಂಗಳಿಗೊಮ್ಮೆ ಹೋಗಿ ಬಿಪಿ ನೋಡುವುದು, ಖಾಲಿಯಾದ ಗುಳಿಗೆ ಸ್ಟ್ರಿಪ್ ಎಣಿಸುವುದು.

ಅಕ್ಕನ ಸ್ಟ್ರಿಪ್ಪುಗಳು ಒಂದೂ ತಪ್ಪದೆ ಖಾಲಿ. ಬಿಪಿ ಮಾತ್ರ ಒಂದು ಕೂದಲೆಳೆ ಇಳಿಯಲೊಲ್ಲದು. ಎದುರುಮನೆಯಾಕೆಗೆ ಗುಳಿಗೆಯೇ ಇಲ್ಲ. ಆಕೆಯ ಬಿಪಿ ಸರಸರ ಇಳಿಯುತ್ತಿದೆ.

"ಸರ್, ಅಕ್ಕಾರ ಮೈಗೆ ಗುಳಿಗಿ ಹತ್ತವಲ್ದು," ಎಂದರು ಸಿಸ್ಟರ್.

ಡೋಸು ಏರಿಸಿದೆ. ಮುಂದಿನ ತಿಂಗಳು ಎದುರುಮನೆಯಾಕೆಯ ಬಿಪಿ ಇನ್ನಷ್ಟು ಇಳಿಯಿತು. ಇಷ್ಟು ನೋಡಿದ ಮೇಲೆ ಯಾರಿಗಾದರೂ ಸಂಶಯ ಬರಬೇಕು. ನನಗೆ ಬಂದದ್ದು ಸಂಶಯವಲ್ಲ, ಸೊಕ್ಕು.

ಕೊಪ್ಪಳದಲ್ಲಿ ನನ್ನ ಕೀರ್ತಿ

ಕೊಪ್ಪಳದಲ್ಲಿ ಡಾಕ್ಟರುಗಳ ಸಭೆ. ಎದುರುಮನೆಯಾಕೆಯ ಬಿಪಿ ಗೆರೆಯನ್ನು ಪರದೆಯ ಮೇಲೆ ತೋರಿಸಿದೆ, ಗುಡ್ಡದಿಂದ ಇಳಿದ ರಸ್ತೆಯಂತೆ. "ಒಂದು ಗುಳಿಗೆ ಇಲ್ಲ. ಒಂದು ಸೂಜಿ ಇಲ್ಲ. ಬರೇ ಮಾತು!" ಎಂದು ಎದೆ ತಟ್ಟಿಕೊಂಡೆ. ಚಪ್ಪಾಳೆ ಬಿತ್ತು. ಹಿರಿಯ ವೈದ್ಯರೊಬ್ಬರು ಎದ್ದು, "ಆ ಮಾತುಗಳು ಯಾವುವು, ಬರೆದುಕೊಡಿ, ನಾವೂ ಹೇಳುತ್ತೇವೆ," ಅಂದರು. ಅಷ್ಟರಲ್ಲಿ ಜೇಬಿನ ಫೋನು ನಡುಗಿತು. ಅಕ್ಕ.

"ತಮ್ಮಾ, ಲಗೂ ಬಾ. ಎದುರುಮನಿಯಾಕಿ ಅಂಗಳದಾಗ ಬಿದ್ದಾಳ. ಎದ್ದು ನಿಂತ್ರ ಕಣ್ಣಿಗೆ ಕತ್ತಲಿ ಬರತೈತಂತ."

"ಕಾಲು ಎತ್ತರಕ್ಕ ಇಟ್ಟು ಮಲಗಿಸು. ಸಿಸ್ಟರ್‌ನ ಕಳಸತೀನಿ, ನಾನೂ ಹೊಂಟೆ," ಎಂದು ಓಡಿದೆ. ನನ್ನ ಮಾತಿಗೆ ಅಷ್ಟು ಶಕ್ತಿ ಇದೆಯೇ ಎಂದು ದಾರಿಯುದ್ದಕ್ಕೂ ಮೊದಲ ಸಲ ಹೆದರಿದೆ.

ಹೋಗಿ ನೋಡಿದರೆ ಬಿಪಿ ಪಾತಾಳ ಹಿಡಿದಿತ್ತು. ಇಬ್ಬರು ಹೆಣ್ಣುಮಕ್ಕಳು ತಾಯಿಯ ಕೈ ಹಿಡಿದು ಎರಡೂ ಕಡೆ ಕೂತಿದ್ದರು. ಸಿಸ್ಟರ್ ಆಗಲೇ ಸಲೈನ್ ಹಚ್ಚಿದ್ದರು. ಸ್ವಲ್ಪ ಹೊತ್ತಿಗೆ ಆಕೆ ಕಣ್ಣು ಬಿಟ್ಟು ನೀರು ಕೇಳಿದಳು. ನಾನು ನೀರು ತರಲು ಹತ್ತಿರ ಬಿದ್ದಿದ್ದ ತಂಬಿಗೆ ಎತ್ತಿದೆ. ತಳದಲ್ಲಿ ಏನೋ ಕಟಕಟ ಅಂದಿತು.

ಒಂದು ಬೆಲ್ಲದ ಹರಳು. ಅದರ ಪಕ್ಕದಲ್ಲಿ ಒಂದು ಗುಳಿಗೆ. ನಾನೇ ಬರೆದದ್ದು, ಏರಿಸಿದ ಡೋಸು.

ಖಾಲಿ ತಂಬಿಗಿ

"ಯಕ್ಕಾ, ಇದೇನು?"

"ಆಕಿ ದಿನಾ ಮುಂಜಾನಿ ನನಗ ಮಜ್ಜಿಗಿ ಕಳಸತಾಳ. ತಂಬಿಗಿ ಖಾಲಿ ಹೆಂಗ ವಾಪಸ್ ಕೊಡಲಿ?"

"ಸಕ್ರಿ ಹಾಕು! ಅಕ್ಕಿ ಹಾಕು! ಬಿಪಿ ಗುಳಿಗಿ ಹಾಕತಾರೇನು?"

"ಬೆಲ್ಲಾನೂ ಹಾಕೀನಲ್ಲ," ಅಂದಳು ಅಕ್ಕ.

ಎದುರುಮನೆಯಾಕೆ ಮಲಗಿದಲ್ಲಿಂದಲೇ ಮೆಲ್ಲಗೆ ಅಂದಳು, "ಶಕ್ತಿ ಗುಳಿಗಿ ಅಂದಿದ್ರಲ್ಲ ಅಕ್ಕಾರ?"

ಅಕ್ಕನನ್ನು ಆಕೆಯ ಮನೆಗೆ ಕರೆದುಕೊಂಡು ಬಂದು ನಾನು ಕೂಗಾಡಿದೆ. ಹುಟ್ಟಿದಾಗಿನಿಂದ ಆಕೆಯ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಆಕೆ ಎಲ್ಲ ಕೇಳಿಸಿಕೊಂಡಳು. ಆಮೇಲೆ ಮಾಮಾ ಕುಸಿದಿದ್ದ ಜಾಗದ ಹತ್ತಿರ, ಕೈ ತೊಳೆಯುವ ಕಟ್ಟೆಯ ಮೇಲೆ ಕೂತಳು.

"ನೀ ನನಗ ಗುಳಿಗಿ ಕೊಟ್ಟಿ, ಆಕಿಗೆ ಬರೇ ಮಾತು ಕೊಟ್ಟಿ. ಆಕಿ ಮ್ಯಾಲೆ ಎರಡು ಕೂಸು ಕುಂತಾವ. ಆಕಿಗೇನರ ಆದ್ರ ಅವಕ್ಕ ಯಾರದಾರ? ನಂದೇನು, ನಿಮ್ಮ ಮಾಮಾ ಹೋದ ದಿನಾನ ಮುಗದೈತಿ. ನೀ ಒಬ್ಬಾವ ಉಳದಿದ್ದಿ, ನಿನ್ನ ದೊಡ್ಡಾವ ಮಾಡಿ ಬಿಟ್ಟೆ. ಇನ್ನ ಈ ಗುಳಿಗಿ ನುಂಗಿ ಯಾರಿಗೆ ಬದುಕಲಿ?"

ನಾಲ್ಕು ತಾಲೂಕಿನ ಮಾತುಗಾರ ನಾನು.

ಆದರೆ ಉತ್ತರ ಬಂದದ್ದು ಬಾಗಿಲಿಂದ. ಎದುರುಮನೆಯಾಕೆ ಸಿಸ್ಟರ್‌ನ ಭುಜ ಹಿಡಿದು, ಬೇಡವೆಂದರೂ ಎದ್ದು ಬಂದು ನಿಂತಿದ್ದಳು.

"ನನಗ ಬದುಕ್ರಿ," ಅಂದಳು. "ಆ ಹುಡುಗ್ಯಾರಿಗೆ ಬದುಕ್ರಿ. ನೀವು ಹೋದ್ರ ನಾ ಮಜ್ಜಿಗಿ ಯಾರ ಮನಿಗೆ ಕಳಸಲಿ?"

ಅಕ್ಕ ಸೆರಗು ಬಾಯಿಗೆ ಹಚ್ಚಿಕೊಂಡಳು. ಆದರೂ ಗುಳಿಗೆ ತಗೋತೀನಿ ಅನ್ನಲಿಲ್ಲ. ಅಕ್ಕ ಅಂದರೆ ಅಕ್ಕ.

ಎಕ್ಸ್‌ಚೇಂಜು

ಕೆಲವು ವಾರ ಕಾದು ನೋಡಿದೆ. ಅಕ್ಕನ ಗುಳಿಗೆ ಆಚೆ ಹೋಗುವುದು ನಿಂತ ಮೇಲೆ ಎದುರುಮನೆಯಾಕೆಯ ಬಿಪಿ ಮತ್ತೆ ಮೇಲೆ ಬಂತು. ನನ್ನ ಉಪದೇಶದ ನಿಜವಾದ ಶಕ್ತಿ ಎಷ್ಟೆಂದು ಅವತ್ತು ತಿಳಿಯಿತು. ಆಕೆಗೂ ಗುಳಿಗೆ ಬರೆದೆ, ಏರಿಸುವ ಮುಂಚಿನ ಸಣ್ಣ ಡೋಸು; ಅಕ್ಕನದನ್ನೂ ಅದೇ ಡೋಸಿಗೆ ಇಳಿಸಿದೆ. ಆಕೆ ಸ್ಟ್ರಿಪ್ ಕೈಯಲ್ಲಿ ಹಿಡಿದು, "ಅಕ್ಕಾರಿಗೆ ನುಂಗಸೂದು ನನಗ ಬಿಡ್ರಿ," ಅಂದಳು.

ಮರುದಿನ ಬೆಳಿಗ್ಗೆ ಆಕೆಯ ಮನೆಯಿಂದ ಮಜ್ಜಿಗೆ ಬಂತು. ತಂಬಿಗೆಯ ಮೇಲೆ ತಟ್ಟೆ, ತಟ್ಟೆಯಲ್ಲಿ ಆಕೆಯ ಒಂದು ಗುಳಿಗೆ. ಅಕ್ಕ ನೋಡಿದಳು. ಎದುರುಮನೆಯಿಂದ ಮುಚ್ಚಿಕೊಂಡು ಬಂದ ತಿನಿಸನ್ನು ಆ ಓಣಿಯಲ್ಲಿ ಇವತ್ತಿನವರೆಗೆ ಯಾರೂ ಹಿಂದಕ್ಕೆ ಕಳಿಸಿಲ್ಲ. ಬೈದುಕೊಳ್ಳುತ್ತಲೇ ನುಂಗಿದಳು. ಖಾಲಿ ತಂಬಿಗೆ ವಾಪಸ್ ಕೊಡುವಂತಿಲ್ಲ, ತನ್ನ ಸ್ಟ್ರಿಪ್ಪಿನಿಂದ ಒಂದು ಗುಳಿಗೆ, ಒಂದು ಬೆಲ್ಲದ ಹರಳು ಹಾಕಿ ಕಳಿಸಿದಳು. ಆಕೆ ಅದನ್ನು ನುಂಗಿದಳು.

ಅವತ್ತಿನಿಂದ ದಿನಾ ಇದೇ. ಇಬ್ಬರ ಬಿಪಿಯೂ ಈಗ ಗೆರೆಯ ಕೆಳಗೆ. ಸಿಸ್ಟರ್ ಮಾತ್ರ ರಿಜಿಸ್ಟರ್ ಹಿಡಿದುಕೊಂಡು ಅಳುವ ಮುಖ ಮಾಡಿಕೊಂಡು ಬಂದರು.

"ಸರ್, ಇದನ್ನ ಹೆಂಗ ಬರೀಲ್ರಿ? ಅಕ್ಕಾರ ಗುಳಿಗಿ ಅಕ್ಕಾರು ತಗೊಂಡಿಲ್ಲ. ಆಕಿ ಗುಳಿಗಿ ಆಕಿ ತಗೊಂಡಿಲ್ಲ. ಇಬ್ಬರೂ ಹುಷಾರಾಗ್ಯಾರ."

"ಇದ್ದದ್ದು ಇದ್ದಂಗ ಬರೀರಿ," ಅಂದೆ. "ಚಿಕಿತ್ಸೆ: ತಂಬಿಗಿ."

ಎದುರುಮನಿಯಾಕಿ ನಾನೇ

ಎಲ್ಲ ಸರಿ ಹೋಯಿತು ಅನ್ನುವಾಗ ಎದುರುಮನೆಯಾಕೆ, ಎಮ್ಮೆಯನ್ನು ಪಕ್ಕದ ಓಣಿಯವರಿಗೆ ಒಪ್ಪಿಸಿ, ತನ್ನ ಗುಳಿಗೆ ಕಟ್ಟಿಕೊಂಡು, ಮಕ್ಕಳೊಂದಿಗೆ ಎಂಟು ದಿನ ತವರಿಗೆ ಹೋದಳು. ನಾನು ಫೋನು ಮಾಡಿದೆ.

"ಯಕ್ಕಾ, ಇವತ್ತಿನ ಗುಳಿಗಿ?"

"ತಂಬಿಗಿ ಬಂದಿಲ್ಲ."

"ನಿನ್ನ ಸ್ಟ್ರಿಪ್ ಐತಲ್ಲ, ತಗೊಂಡು ನುಂಗು!"

"ಅದು ಆಕಿದು. ನಾ ಹೆಂಗ ನುಂಗಲಿ?"

ಎಂಟು ದಿನ ದವಾಖಾನೆಗೆ ಬೀಗ ಹಾಕಿ ಕುಷ್ಟಗಿಗೆ ಬಂದೆ. ಅಕ್ಕನ ಮನೆಯಲ್ಲೇ ಮಲಗಿದೆ. ಬೆಳಿಗ್ಗೆ ಎದ್ದು ಗುಳಿಗೆ ಚಾಚಿದರೆ ಆಕೆ ನನ್ನ ಕೈಯನ್ನೇ ನೋಡಲಿಲ್ಲ. ಆಗ ನಾಲ್ಕು ತಾಲೂಕಿನ ಈ ಎದೆ ತಜ್ಞ ಹಿಂದಿನ ಬಾಗಿಲಿಂದ ಹೊರಬಿದ್ದ. ಅಂಗಡಿಯಿಂದ ಮೊಸರಿನ ಪಾಕೀಟು ತಂದು, ಎದುರುಮನೆಯ ಕಟ್ಟೆಯ ಮೇಲೆ ಕೂತು, ಉಪ್ಪು ಹಾಕದೆ ಮಜ್ಜಿಗೆ ಕಡೆದ. ತಂಬಿಗೆ ತುಂಬಿ, ತಟ್ಟೆ ಮುಚ್ಚಿ, ತಟ್ಟೆಯಲ್ಲಿ ಗುಳಿಗೆ ಇಟ್ಟು, ಇಡೀ ಓಣಿ ಬಾಗಿಲಿಗೆ ಬಂದು ನೋಡುತ್ತಿರುವಾಗ ರಸ್ತೆ ದಾಟಿ ಅಕ್ಕನ ಮನೆಯ ಮುಂಬಾಗಿಲು ಬಡಿದ.

"ಯಾರು?" ಒಳಗಿಂದ ಅಕ್ಕ.

ನನಗೆ ಗೊತ್ತು, ಆಕೆಗೂ ಗೊತ್ತು. ಆದರೂ ಹೇಳಲೇಬೇಕಿತ್ತು.

"ಎದುರುಮನಿಯಾಕಿ ಅದೀನ್ರಿ ಅಕ್ಕಾರ. ಮಜ್ಜಿಗಿ ತಂದೀನಿ."

ಬಾಗಿಲು ತೆರೆಯಿತು. ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಗಲಿಲ್ಲ. ತಂಬಿಗೆ ಇಸಕೊಂಡು, ಗುಳಿಗೆ ಬಾಯಿಗೆ ಹಾಕಿಕೊಂಡು, ಮಜ್ಜಿಗೆ ಕುಡಿದು ನುಂಗಿದಳು. ಗಂಟಲು ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ನನ್ನ ಇಡೀ ವೃತ್ತಿಯಲ್ಲಿ ನಾನು ಕೊಟ್ಟ ಗುಳಿಗೆ, ಯಾರಿಗೆ ಕೊಟ್ಟೆನೋ ಅವರ ಹೊಟ್ಟೆಗೇ ಹೋದದ್ದು ನೋಡಿದ್ದು ಅದೊಂದೇ ಸಲ. ಕಣ್ಣು ಮಂಜಾಯಿತು.

"ಕೂಡು ಯವ್ವಾ, ತಂಬಿಗಿ ತರತೀನಿ," ಎಂದು ಅಕ್ಕ ಒಳಗೆ ಹೋದಳು. ತೊಳೆದ ತಂಬಿಗೆ ತಂದು ಕೈಯಲ್ಲಿಟ್ಟಳು. ಭಾರವಿತ್ತು. ಬಗ್ಗಿ ನೋಡಿದೆ.

ಯಲಬುರ್ಗಾದ ಮಾವಿನಕಾಯಿ ಉಪ್ಪಿನಕಾಯಿ, ಕಂಠಮಟ.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಅಂದಳು, "ಏನೂ ಅನಬ್ಯಾಡ. ನಿನ್ನ ಎದುರುಮನಿಯವರು ನೀಡಿದ್ದು. ಹಿಂದಕ್ಕ ಕಳಸ್ತೀ ಏನು ನೋಡೂಣು."

ಎಂಟೂ ದಿನ ಆಕೆ ಗುಳಿಗೆ ನುಂಗಿದಳು. ಎಂಟೂ ದಿನ ನಾನು ಏನು ನುಂಗಿದೆನೆಂದು ರಿಜಿಸ್ಟರಿನಲ್ಲಿ ಬರೆಯಬಾರದೆಂದು ಸಿಸ್ಟರ್‌ಗೆ ಹೇಳಿದ್ದೇನೆ.